ಅಮೆರಿಕದ ಅಟಾರ್ನಿ ಜನರಲ್: ಅಧ್ಯಕ್ಷನಿಷ್ಠೆಯ ವಿವಾದ

ಅಮೆರಿಕದ ಅಟಾರ್ನಿ ಜನರಲ್ ಆ ದೇಶದ ನ್ಯಾಯ ಇಲಾಖೆಯ ಮುಖ್ಯಸ್ಥರು, ಅಧ್ಯಕ್ಷರ ಸಂಪುಟದ ಸದಸ್ಯರು. ಭಾರತದಲ್ಲಿ ಸಂವಿಧಾನದ 76ನೇ ವಿಧಿಯಂತೆ ನೇಮಕವಾಗುವ ಅಟಾರ್ನಿ ಜನರಲ್ ಸರ್ಕಾರಕ್ಕೆ ಕಾನೂನು ಸಲಹೆ ಕೊಡುತ್ತಾರೆ, ವಾದ ಮಂಡಿಸುತ್ತಾರೆ, ಸಚಿವರಲ್ಲ. ಅಮೆರಿಕದಲ್ಲಾದರೋ ಎಫ್‌ಬಿಐ ಕೂಡ ಇವರ ಇಲಾಖೆಯದೇ. ನೇಮಕಕ್ಕೆ ಸೆನೆಟ್ಟಿನ ಒಪ್ಪಿಗೆ ಬೇಕು, ಕಿತ್ತುಹಾಕಲು ಅಧ್ಯಕ್ಷರೊಬ್ಬರೇ ಸಾಕು. ನೇಮಿಸಿದವರ ಬಳಗದ ಮೇಲೆಯೇ ತನಿಖೆ ಬಂದಾಗ ಇವರು ಯಾರ ಪರ ನಿಲ್ಲಬೇಕೆಂಬ ತಕರಾರು ಹುಟ್ಟುವುದು ಇಲ್ಲಿಂದಲೇ.

1789ರ ಕಾಯ್ದೆ ಈ ಹುದ್ದೆಯನ್ನು ಸೃಷ್ಟಿಸಿತು. ಮೊದಲಿಗರಾದ ಎಡ್ಮಂಡ್ ರಾಂಡಾಲ್ಫ್ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಜಾರ್ಜ್ ವಾಷಿಂಗ್ಟನ್ನರ ಆಪ್ತ ಸಹಾಯಕರಾಗಿದ್ದವರು. ನ್ಯಾಯ ಇಲಾಖೆ ಬಂದದ್ದು 1870ರಲ್ಲಿ. ಆಪ್ತರನ್ನೇ ಈ ಕುರ್ಚಿಯಲ್ಲಿ ಕೂರಿಸುವ ರೂಢಿ ಮಾತ್ರ ಇಲಾಖೆಗಿಂತ ಹಳೆಯದು. ಸರ್ಕಾರದ ಠೇವಣಿಗಳನ್ನು ರಾಷ್ಟ್ರೀಯ ಬ್ಯಾಂಕಿನಿಂದ ತೆಗೆಯಲು ಹಣಕಾಸು ಕಾರ್ಯದರ್ಶಿ ಒಪ್ಪದಿದ್ದಾಗ, 1833ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಆತನನ್ನು ಹೊರಹಾಕಿ ಅಟಾರ್ನಿ ಜನರಲ್ ರೋಜರ್ ಟೇನಿಯವರನ್ನು ಆ ಜಾಗಕ್ಕೆ ತಂದರು. ಕೆಲಸವಾಯಿತು, ಟೇನಿ ಮುಂದೆ ಮುಖ್ಯ ನ್ಯಾಯಮೂರ್ತಿಯೂ ಆದರು. 1961ರಲ್ಲಿ ಜಾನ್ ಕೆನಡಿ ತಮ್ಮನನ್ನೇ ನೇಮಿಸಿದರು. ಬಂಧುಗಳ ನೇಮಕಕ್ಕೆ ತಡೆಯೊಡ್ಡುವ ಕಾನೂನು 1967ರಲ್ಲಿ ಬಂತು.

ಈ ಸಲುಗೆಗೆ ದೇಶ ದೊಡ್ಡ ಬೆಲೆ ತೆತ್ತದ್ದು ವಾಟರ್‌ಗೇಟ್ ಹಗರಣದಲ್ಲಿ. ಅಧ್ಯಕ್ಷ ರಿಚರ್ಡ್ ನಿಕ್ಸನ್ನರ ಚುನಾವಣಾ ಉಸ್ತುವಾರಿ ಹೊತ್ತಿದ್ದ ಜಾನ್ ಮಿಚೆಲ್ ಅಟಾರ್ನಿ ಜನರಲ್ ಆಗಿ, ಕೊನೆಗೆ 19 ತಿಂಗಳು ಜೈಲಿನಲ್ಲಿ ಕಳೆದರು. ಅವರ ನಂತರ ಬಂದ ರಿಚರ್ಡ್ ಕ್ಲೈನ್‌ಡೀನ್ಸ್ಟ್, ಆರೋಪಿತರಲ್ಲಿ ತಮಗೆ ಹತ್ತಿರದವರಿದ್ದಾರೆಂದು 1973ರ ಏಪ್ರಿಲ್‌ನಲ್ಲಿ ಪ್ರಕರಣದಿಂದ ಹಿಂದೆ ಸರಿದು, ಅದೇ ತಿಂಗಳು ರಾಜೀನಾಮೆ ಕೊಟ್ಟರು. ಹಗರಣದ ತನಿಖೆಯ ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ಕಿತ್ತುಹಾಕುವಂತೆ ಅಕ್ಟೋಬರ್ 20ರಂದು ನಿಕ್ಸನ್ ಆಜ್ಞೆಯಾದಾಗ, ಸೆನೆಟ್ಟಿಗೆ ಕೊಟ್ಟ ಮಾತು ಮುರಿಯಲಾರೆನೆಂದು ಹೊಸ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಹುದ್ದೆ ಬಿಟ್ಟರು. ಅವರ ಕೆಳಗಿನ ವಿಲಿಯಂ ರಕಲ್ಸ್‌ಹಾಸ್ ಕೂಡ ಒಪ್ಪಲಿಲ್ಲ. ಮೂರನೆಯವರಾದ ರಾಬರ್ಟ್ ಬೋರ್ಕ್ ಆಜ್ಞೆ ಪಾಲಿಸಿದರು. ಅಂದು ಅಧ್ಯಕ್ಷರು ಗೆದ್ದರೂ ಒಂದು ವರ್ಷ ತುಂಬುವ ಮೊದಲೇ ಅಧಿಕಾರ ಕಳೆದುಕೊಂಡರು.

ತನಿಖೆಗೆ ಒಳಗಾದವರೊಡನೆ ವೈಯಕ್ತಿಕ ಅಥವಾ ರಾಜಕೀಯ ನಂಟಿರುವ ಅಧಿಕಾರಿ ದೂರ ನಿಲ್ಲಬೇಕೆಂಬ ನಿಯಮಕ್ಕೆ 1978ರ ನೀತಿಸಂಹಿತೆ ಕಾಯ್ದೆ ಅಡಿಪಾಯ ಹಾಕಿತು. ಸಿಐಎ ಅಧಿಕಾರಿಯೊಬ್ಬರ ಗುರುತು ಬಯಲಾದ ಪ್ರಕರಣದಲ್ಲಿ 2003ರ ಡಿಸೆಂಬರಿನಲ್ಲಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಹಿಂದೆ ಸರಿದಾಗ ಅದನ್ನು ದ್ರೋಹವೆಂದು ಅಧ್ಯಕ್ಷ ಜಾರ್ಜ್ ಬುಷ್ ಹುಯಿಲೆಬ್ಬಿಸಲಿಲ್ಲ.

ಹುಯಿಲೆದ್ದದ್ದು ಜೆಫ್ ಸೆಷನ್ಸ್ ಕಾಲದಲ್ಲಿ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಬೆಂಬಲಿಸಿದ ಮೊದಲ ಸೆನೆಟರ್ ಇವರೇ. ಪ್ರಚಾರ ತಂಡದ ರಾಷ್ಟ್ರೀಯ ಭದ್ರತಾ ಸಲಹಾ ಸಮಿತಿಗೂ ಇವರೇ ಮುಖ್ಯಸ್ಥರು. ಅಧ್ಯಕ್ಷರಾದ ಟ್ರಂಪ್ ಇವರನ್ನು ಅಟಾರ್ನಿ ಜನರಲ್ ಆಗಿ ನೇಮಿಸಿದಾಗ, ಆ ಪ್ರಚಾರಕ್ಕೂ ರಷ್ಯಾಕ್ಕೂ ಇದ್ದ ನಂಟಿನ ತನಿಖೆಯ ಮೇಲ್ವಿಚಾರಣೆ ಇವರ ಪಾಲಿಗೆ ಬಂತು. ರಷ್ಯಾದ ರಾಯಭಾರಿ ಸೆರ್ಗೆಯ್ ಕಿಸ್ಲ್ಯಾಕ್ ಜೊತೆಗಿನ ತಮ್ಮ ಭೇಟಿಗಳು ಬಯಲಾದ ಮರುದಿನ, 2017ರ ಮಾರ್ಚ್ 2ರಂದು, ಇಲಾಖೆಯ ಅಧಿಕಾರಿಗಳ ಸಲಹೆಯಂತೆ ಸೆಷನ್ಸ್ ಹಿಂದೆ ಸರಿದರು. ಮೇ ತಿಂಗಳಲ್ಲಿ ಉಪ ಅಟಾರ್ನಿ ಜನರಲ್ ರಾಡ್ ರೋಸೆನ್‌ಸ್ಟೈನ್, ರಾಬರ್ಟ್ ಮುಲ್ಲರ್ ಅವರಿಗೆ ತನಿಖೆ ಒಪ್ಪಿಸಿದರು.

ಹಿಂದೆ ಸರಿಯುವುದಾಗಿ ಮೊದಲೇ ಹೇಳಿದ್ದರೆ ಬೇರೆಯವರನ್ನು ನೇಮಿಸುತ್ತಿದ್ದೆ ಎಂದು ಟ್ರಂಪ್ ಜುಲೈನಲ್ಲಿ ಬಹಿರಂಗವಾಗಿ ದೂರಿದರು. ಅವರ ಬೆಂಬಲಿಗರದೂ ಅದೇ ಆಕ್ಷೇಪ. ಆದರೆ ನಿಯಮವನ್ನು ಓದಿದವರಿಗೆ ಸೆಷನ್ಸ್ ಮುಂದೆ ಬೇರೆ ದಾರಿಯಿತ್ತೆಂದು ಹೇಳುವುದು ಕಷ್ಟ. ವಿಚಿತ್ರವೆಂದರೆ ಟ್ರಂಪ್ ಕಾರ್ಯಸೂಚಿಯನ್ನು ಇವರಷ್ಟು ನಿಷ್ಠೆಯಿಂದ ಜಾರಿಗೆ ತಂದವರು ಕಡಿಮೆ: ಬಾಲ್ಯದಲ್ಲೇ ಅಕ್ರಮವಾಗಿ ಬಂದು ನೆಲೆಸಿದವರಿಗೆ ಇದ್ದ ರಕ್ಷಣೆಯ ರದ್ದತಿಯನ್ನು ಘೋಷಿಸಿದವರು, 2018ರಲ್ಲಿ ಗಡಿ ದಾಟುವವರ ಮೇಲೆ ಕಡ್ಡಾಯ ಮೊಕದ್ದಮೆಯ ನೀತಿ ತಂದವರು ಇವರೇ. ಇವರನ್ನು ವಜಾ ಮಾಡಿದರೆ ಅನಾಹುತವಾದೀತೆಂದು 2017ರಲ್ಲಿ ಗುಡುಗಿದ್ದ ಸೆನೆಟರ್ ಲಿಂಡ್ಸೆ ಗ್ರಹಾಂ, ಮರುವರ್ಷ, ತನಗೆ ನಂಬಿಕೆಯಿರುವವರನ್ನು ಪಡೆಯುವ ಹಕ್ಕು ಅಧ್ಯಕ್ಷರಿಗಿದೆ ಎಂದರು. ಮಧ್ಯಂತರ ಚುನಾವಣೆಯ ಮರುದಿನ, 2018ರ ನವೆಂಬರ್ 7ರಂದು, ಅಧ್ಯಕ್ಷರ ಸೂಚನೆಯಂತೆ ಸೆಷನ್ಸ್ ರಾಜೀನಾಮೆ ಕೊಟ್ಟರು. ಹಳೆಯ ಸೆನೆಟ್ ಸ್ಥಾನಕ್ಕೆ 2020ರಲ್ಲಿ ಅಲಬಾಮಾದಿಂದ ಟಿಕೆಟ್ ಬಯಸಿದಾಗ ಟ್ರಂಪ್ ಎದುರಾಳಿಯ ಪರ ನಿಂತರು, ಸೆಷನ್ಸ್ ಸೋತರು.

ಅಟಾರ್ನಿ ಜನರಲ್ ಹುದ್ದೆಗೆ 2019ರ ಫೆಬ್ರುವರಿಯಲ್ಲಿ ಬಂದ ವಿಲಿಯಂ ಬಾರ್ ಮುಲ್ಲರ್ ವರದಿಯ ವಿಷಯದಲ್ಲಿ ಟ್ರಂಪ್ ಪರ ವಾಲಿದರೆಂಬ ಟೀಕೆಗೆ ಗುರಿಯಾದರು. ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬದಲಿಸುವಷ್ಟು ಅಕ್ರಮ ಕಂಡಿಲ್ಲವೆಂದು 2020ರ ಡಿಸೆಂಬರ್ 1ರಂದು ಹೇಳಿದ ಅವರು, ಆ ತಿಂಗಳು ಮುಗಿಯುವ ಮೊದಲೇ ಹುದ್ದೆ ತೊರೆದರು.