ಕೆಂಗೇರಿ ಉಪನಗರದಿಂದ ಮೈಸೂರಿಗೆ ಬೆಳಗ್ಗೆ ಹೋಗಿ ರಾತ್ರಿ ವಾಪಸ್: ಪ್ಲಾನ್ ಮಾಡೋದು ಹೇಗೆ?

ಕೆಂಗೇರಿ ಉಪನಗರದವರಿಗೆ ಮೈಸೂರು ಅಂದರೆ ದೂರದ ಊರಲ್ಲ. ಬೆಂಗಳೂರಿನ ಬೇರೆ ಬಡಾವಣೆಯವರು ಸಿಟಿ ಟ್ರಾಫಿಕ್ ದಾಟಿ ಮೈಸೂರು ರಸ್ತೆ ಸೇರುವ ಹೊತ್ತಿಗೆ ಇಲ್ಲಿಂದ ಹೊರಟವರು ಬಿಡದಿ ದಾಟಿರುತ್ತಾರೆ. ಹಾಗಾಗಿಯೇ ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ "ನಡೀರಿ, ಮೈಸೂರಿಗೆ ಹೋಗಿ ಬರೋಣ" ಅಂತ ಹೊರಟುಬಿಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಹೋಗುವುದು ಸುಲಭ. ತೊಂದರೆ ಶುರುವಾಗುವುದು ವಾಪಸ್ ಬರುವಾಗ. ಇಡೀ ದಿನ ಬಿಸಿಲಲ್ಲಿ ಸುತ್ತಿ, ಊಟ ಮಾಡಿ, ರಾತ್ರಿ ಮತ್ತೆ 130 ಕಿ.ಮೀ. ಓಡಿಸುವವರು ಬೆಳಗ್ಗೆ ಓಡಿಸಿದ ಅದೇ ಚಾಲಕರು. ಆದ್ದರಿಂದ ಒಂದು ದಿನದ ಮೈಸೂರು ಪ್ರವಾಸದಲ್ಲಿ ಮೊದಲು ಗೊತ್ತು ಮಾಡಬೇಕಾದದ್ದು ಮನೆ ಬಿಡುವ ಸಮಯವಲ್ಲ, ಮೈಸೂರು ಬಿಡುವ ಸಮಯ. ಅದೊಂದು ತೀರ್ಮಾನವಾದರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ದಾರಿ ಯಾವುದು, ಎಷ್ಟು ಹೊತ್ತು?

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಹೊಸ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನೈಸ್ ರಸ್ತೆ ಜಂಕ್ಷನ್ ಹತ್ತಿರದ ಪಂಚಮುಖಿ ದೇವಸ್ಥಾನದ ಕಡೆಯಿಂದ ಶುರುವಾಗಿ ಮೈಸೂರಿನ ರಿಂಗ್ ರಸ್ತೆವರೆಗೆ ಸುಮಾರು 119 ಕಿ.ಮೀ. ಮಧ್ಯದ 6 ಪಥ ಎಕ್ಸ್‌ಪ್ರೆಸ್‌ವೇ, ಎರಡೂ ಬದಿಗೆ ಸೇರಿ 4 ಪಥ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಯಾವ ಊರಿನ ಒಳಗೂ ಹೋಗದೆ ಬೈಪಾಸ್ ಅಥವಾ ಮೇಲ್ಸೇತುವೆಯಲ್ಲೇ ದಾಟಬಹುದು.

ಉಪನಗರದಿಂದ ಮೈಸೂರು ಅರಮನೆವರೆಗೆ ಸುಮಾರು 130 ಕಿ.ಮೀ. ಹೆದ್ದಾರಿಯ ಭಾಗಕ್ಕೆ ಒಂದೂಕಾಲರಿಂದ ಒಂದೂವರೆ ಗಂಟೆ ಸಾಕು. ಆದರೆ ಈ ಕಡೆ ಕುಂಬಳಗೋಡು ದಾಟಲು, ಆ ಕಡೆ ಮೈಸೂರು ರಿಂಗ್ ರಸ್ತೆಯಿಂದ ಊರೊಳಗೆ ಸೇರಿ ಗಾಡಿ ನಿಲ್ಲಿಸಲು ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿಕೊಳ್ಳಿ. ಮನೆ ಬಾಗಿಲಿಂದ ಅರಮನೆ ಬಾಗಿಲಿಗೆ ಎರಡೂಕಾಲು ಗಂಟೆ ಅಂತ ಲೆಕ್ಕ ಹಾಕಿದರೆ ಪರದಾಟವಿರಲ್ಲ. ತಿಂಡಿಗೆ ನಿಲ್ಲುವ ಸಮಯ ಇದರ ಮೇಲೆ.

ವೇಗದ ಲೆಕ್ಕ: ಉಳಿಯೋದು 12 ನಿಮಿಷ

ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಇಡೀ 119 ಕಿ.ಮೀ. ಅದೇ ವೇಗದಲ್ಲಿ ಹೋದರೆ 71 ನಿಮಿಷ. 120ರಲ್ಲಿ ಓಡಿಸಿದರೆ 59 ನಿಮಿಷ ಚಿಲ್ಲರೆ. ಅಂದರೆ ಕಾನೂನು ಮುರಿದು, ಜೀವ ಕೈಲಿ ಹಿಡಿದು ಓಡಿಸಿದರೆ ಉಳಿಯುವುದು 12 ನಿಮಿಷ. ಮೈಸೂರಿನಲ್ಲಿ ಪಾರ್ಕಿಂಗ್ ಹುಡುಕುವುದಕ್ಕೆ ಅಷ್ಟು ಹೊತ್ತು ಬೇಕು. 80ರಲ್ಲೇ ನಿಧಾನವಾಗಿ ಹೋದರೂ ಆಗುವುದು 89 ನಿಮಿಷ, 100ರ ವೇಗಕ್ಕಿಂತ 18 ನಿಮಿಷ ಮಾತ್ರ ಜಾಸ್ತಿ.

ರಸ್ತೆ ತೆರೆದ ಹೊಸದರಲ್ಲಿ, 2023ರ ಮೊದಲ ಆರು ತಿಂಗಳಲ್ಲೇ ಈ ಹೆದ್ದಾರಿಯ ಅಪಘಾತಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. ಈಗ ಪೊಲೀಸರು ಎದುರಿಗೆ ಕಾಣದಿದ್ದರೂ ದಂಡದ ನೋಟಿಸ್ ಗಾಡಿ ಮಾಲೀಕರ ಹೆಸರಿಗೆ ಬರುತ್ತದೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ದಂಡದ ಜೊತೆಗೆ ಎಫ್‌ಐಆರ್ ಕೂಡ ದಾಖಲಾಗುತ್ತದೆ.

ಬೈಕ್, ಆಟೋದವರು ಗಮನಿಸಿ

2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಬೈಕ್‌ನಲ್ಲಿ ಹೋಗುವವರು ಸರ್ವಿಸ್ ರಸ್ತೆ ಮತ್ತು ಊರುಗಳ ಒಳಗಿನ ಹಳೇ ರಸ್ತೆ ಹಿಡಿಯಬೇಕು. ಸಿಗ್ನಲ್, ಸಂತೆ, ಹಂಪ್ ಎಲ್ಲ ಸೇರಿ ಒಂದು ಕಡೆಗೇ ಮೂರೂವರೆ ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಬೈಕ್‌ನಲ್ಲಿ ಒಂದೇ ದಿನಕ್ಕೆ ಹೋಗಿ ಬರುವವರು ಮೈಸೂರಿನಲ್ಲಿ ನೋಡುವ ಜಾಗ ಎರಡಕ್ಕೆ ಮಿತಿ ಮಾಡಿಕೊಂಡು, ಬೆಳಕಿರುವಾಗಲೇ ವಾಪಸ್ ಹೊರಡುವುದು ಕ್ಷೇಮ.

ಟೋಲ್ ಎಲ್ಲೆಲ್ಲಿ?

ಒಂದು ಕಡೆಯ ಪ್ರಯಾಣಕ್ಕೆ ಎರಡು ಟೋಲ್. ಹೋಗುವಾಗ ಮೊದಲನೆಯದು ಬಿಡದಿಗೆ ಮುಂಚೆ ಕಣಿಮಿಣಿಕೆಯಲ್ಲಿ, ಎರಡನೆಯದು ಶ್ರೀರಂಗಪಟ್ಟಣಕ್ಕೆ ಮುಂಚೆ ಗಣಂಗೂರಿನಲ್ಲಿ. ಬರುವಾಗ ಗಣಂಗೂರು ಮತ್ತು ಶೇಷಗಿರಿಹಳ್ಳಿ. ದರ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ, ಹೋದ ವರ್ಷದ ರಸೀದಿ ನೋಡಿ ಲೆಕ್ಕ ಹಾಕಬೇಡಿ.

ಟೋಲ್ ವಿಷಯದಲ್ಲಿ ಮೂರು ಸಂಗತಿ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ:

- 24 ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸ್ ಬಂದರೆ ಎರಡು ಸಲದ ಪೂರ್ತಿ ಶುಲ್ಕವಿಲ್ಲ, ಒಂದು ಸಲದ ಒಂದೂವರೆ ಪಟ್ಟು ಮಾತ್ರ. ಅದೇ ದಿನ ಬರುವವರಿಗೆ ಇದು ಸಿಗುತ್ತದೆ.
- ಫಾಸ್ಟ್ಯಾಗ್ ಇಲ್ಲದೆ ಅಥವಾ ಅದರಲ್ಲಿ ದುಡ್ಡಿಲ್ಲದೆ ಹೋದರೆ ಹೆಚ್ಚು ಶುಲ್ಕ ಕಟ್ಟಬೇಕು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಹಿಂದಿನ ರಾತ್ರಿಯೇ ಬ್ಯಾಲೆನ್ಸ್ ನೋಡಿ ರೀಚಾರ್ಜ್ ಮಾಡಿಡಿ.
- ವರ್ಷಕ್ಕೆ ಐದಾರು ಸಲ ಹೆದ್ದಾರಿ ಹಿಡಿಯುವ ಸ್ವಂತ ಕಾರಿನವರು 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ ವಾರ್ಷಿಕ ಪಾಸ್ ಬಗ್ಗೆ ಯೋಚಿಸಬಹುದು. ಶುರುವಾದಾಗಿನ ನಿಯಮದಂತೆ ಒಂದು ವರ್ಷ ಅಥವಾ 200 ಟೋಲ್ ದಾಟುವಿಕೆ, ಯಾವುದು ಮೊದಲೋ ಅದು. ಟ್ಯಾಕ್ಸಿಗೆ ಇದು ಅನ್ವಯಿಸಲ್ಲ.

ಪೆಟ್ರೋಲ್ ಲೆಕ್ಕವೂ ಕಷ್ಟವೇನಲ್ಲ. ಹೋಗಿ ಬರುವುದು, ಮೈಸೂರಿನೊಳಗಿನ ಓಡಾಟ ಎಲ್ಲ ಸೇರಿ 300 ಕಿ.ಮೀ. ಅಂತಿಟ್ಟುಕೊಂಡರೆ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 20 ಲೀಟರ್ ಬೇಕು. ಕೆಂಗೇರಿಯಲ್ಲೇ ತುಂಬಿಸಿ, ಟೈರ್ ಗಾಳಿಯನ್ನೂ ನೋಡಿಸಿಕೊಂಡು ಹೊರಡಿ. ಮುಖ್ಯ ಪಥ ಹತ್ತಿದ ಮೇಲೆ ಬಂಕ್, ಹೋಟೆಲ್, ಶೌಚಾಲಯ ಬೇಕೆಂದ ಕಡೆ ಸಿಗಲ್ಲ. ಮಕ್ಕಳು, ವಯಸ್ಸಾದವರು ಇದ್ದರೆ ಇದು ಸಣ್ಣ ವಿಷಯವಲ್ಲ.

ತಿಂಡಿಗೆ ಹಳೇ ರಸ್ತೆ

ಹೊಸ ರಸ್ತೆ ಸಮಯ ಉಳಿಸಿತು, ಜೊತೆಗೆ ದಾರಿಯ ರುಚಿಯನ್ನೂ ತಪ್ಪಿಸಿತು. ಬಿಡದಿ ತಟ್ಟೆ ಇಡ್ಲಿ, ರಾಮನಗರದ ಜಾನಪದ ಲೋಕ, ಚನ್ನಪಟ್ಟಣದ ಗೊಂಬೆ ಅಂಗಡಿಗಳು, ಮದ್ದೂರು ವಡೆ ಎಲ್ಲ ಇರುವುದು ಹಳೇ ರಸ್ತೆಯಲ್ಲಿ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವವರಿಗೆ ಇವು ಬೋರ್ಡ್‌ನಲ್ಲಿ ಕಾಣುವ ಊರಿನ ಹೆಸರು ಮಾತ್ರ.

ಎರಡನ್ನೂ ಸೇರಿಸಿಕೊಳ್ಳಲು ಒಂದು ಉಪಾಯವಿದೆ. ಹೋಗುವಾಗ ಕೆಂಗೇರಿಯಿಂದ ಬಿಡದಿವರೆಗೆ ಸರ್ವಿಸ್ ರಸ್ತೆ, ಹಳೇ ರಸ್ತೆಯಲ್ಲೇ ಹೋಗಿ, ತಟ್ಟೆ ಇಡ್ಲಿ ತಿಂದು, ಆಮೇಲೆ ಎಕ್ಸ್‌ಪ್ರೆಸ್‌ವೇ ಹತ್ತುವುದು. ಬರುವಾಗ ಮದ್ದೂರಿನಲ್ಲಿ ಇಳಿದು ವಡೆ, ಕಾಫಿ. ರೈಲ್ವೆ ಸ್ಟೇಷನ್‌ನಲ್ಲಿ ಹುಟ್ಟಿ ಹೆಸರಾದ ಈ ವಡೆಯ ಊರು ಹೆಚ್ಚೂ ಕಡಿಮೆ ಅರ್ಧ ದಾರಿಯಲ್ಲಿದೆ. ಚಾಲಕರಿಗೆ 20 ನಿಮಿಷ ವಿರಾಮ ಕೊಡಲು ಇದಕ್ಕಿಂತ ಒಳ್ಳೆ ನೆಪ ಬೇಕಿಲ್ಲ.

ಇಳಿಯುವ ದಾರಿ ತಪ್ಪಿದರೆ ಮುಂದಿನದರಲ್ಲಿ ಇಳಿಯಿರಿ. ಎಕ್ಸ್‌ಪ್ರೆಸ್‌ವೇಯಲ್ಲಿ ಹಿಂದಕ್ಕೆ ರಿವರ್ಸ್ ಬರುವುದು, ಬದಿಯಲ್ಲಿ ನಿಲ್ಲಿಸಿ ತಿಂಡಿ ಡಬ್ಬಿ ತೆಗೆಯುವುದು ಎರಡೂ ಪ್ರಾಣಕ್ಕೆ ಅಪಾಯ.

ಮೈಸೂರಿನಲ್ಲಿ ಏನು, ಯಾವ ದಿನ?

ಒಂದೇ ದಿನಕ್ಕೆ ಹೋಗುವವರ ದೊಡ್ಡ ತಪ್ಪು ಪಟ್ಟಿ ಉದ್ದ ಮಾಡುವುದು. ಅರಮನೆ, ಝೂ, ಚಾಮುಂಡಿ ಬೆಟ್ಟ, ಕೆಆರ್‌ಎಸ್, ರಂಗನತಿಟ್ಟು ಎಲ್ಲ ಒಂದೇ ದಿನ ಅಂದರೆ ಯಾವುದನ್ನೂ ನೋಡಿದ ಹಾಗಾಗಲ್ಲ. ಎರಡು ದೊಡ್ಡ ಜಾಗ, ಒಂದು ಸಣ್ಣದು, ಇಷ್ಟೇ ಇಟ್ಟುಕೊಳ್ಳಿ.

- ಅರಮನೆ: ಬೆಳಗ್ಗೆ 10ರಿಂದ ಸಂಜೆ 5.30. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ, 1912ರಲ್ಲಿ ಮುಗಿದ ಕಟ್ಟಡ ಇದು. ಒಳಗೆ ನೋಡಲು ಒಂದೂವರೆಯಿಂದ ಎರಡು ಗಂಟೆ ಬೇಕು. ಚಪ್ಪಲಿ ಹೊರಗೆ ಬಿಡಬೇಕು. ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ರ ಹೊತ್ತಿಗೆ.
- ಝೂ: 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯಕ್ಕೆ ಮಂಗಳವಾರ ರಜೆ. ಬೆಳಗ್ಗೆ 8.30ಕ್ಕೇ ತೆರೆಯುವುದರಿಂದ ಮೊದಲು ಇಲ್ಲಿಗೆ ಹೋದರೆ ಬಿಸಿಲೂ ಕಡಿಮೆ, ಪ್ರಾಣಿಗಳೂ ಚುರುಕಾಗಿರುತ್ತವೆ. ಮೂರು ಗಂಟೆ ನಡಿಗೆ.
- ಚಾಮುಂಡಿ ಬೆಟ್ಟ: ದೇವಸ್ಥಾನದ ಬಾಗಿಲು ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಲಲಿತಮಹಲ್ ಹೆಲಿಪ್ಯಾಡ್ ಮೈದಾನದಿಂದ ಬಸ್ ಹಿಡಿಯಬೇಕು.
- ಶ್ರೀರಂಗಪಟ್ಟಣ: ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್ ಬಾಗ್, ಗುಂಬಜ್, ಸಂಗಮ ಸೇರಿದರೆ ಅರ್ಧ ದಿನ. ಇದನ್ನು ಆರಿಸಿಕೊಂಡರೆ ಝೂ ಕೈಬಿಡಿ.
- ಕೆಆರ್‌ಎಸ್ ಬೃಂದಾವನ: ಕಾರಂಜಿ ನಡೆಯುವುದು ಕತ್ತಲಾದ ಮೇಲೆ. ಮೈಸೂರಿನಿಂದ ಸುಮಾರು 20 ಕಿ.ಮೀ. ಅರಮನೆ ದೀಪ, ಬೃಂದಾವನ ಎರಡನ್ನೂ ಒಂದೇ ಸಂಜೆ ನೋಡಲು ಆಗಲ್ಲ.

ದಸರಾ ಸಮಯದಲ್ಲಿ ಈ ಲೆಕ್ಕ ಯಾವುದೂ ನಡೆಯಲ್ಲ. ಅರಮನೆ ಸುತ್ತಮುತ್ತ ಸಂಚಾರ ಮಾರ್ಗ ಬದಲಾಗಿರುತ್ತದೆ. ಆಗ ಕಾರಿಗಿಂತ ರೈಲೇ ವಾಸಿ.

ಎರಡು ಮಾದರಿ ದಿನಗಳು

*ಮಕ್ಕಳು, ಹಿರಿಯರು ಇರುವ ಮನೆಗೆ:* ಬೆಳಗ್ಗೆ 6ಕ್ಕೆ ಹೊರಟು ಬಿಡದಿಯಲ್ಲಿ ತಿಂಡಿ, 9ಕ್ಕೆ ಝೂ, 12ಕ್ಕೆ ಊಟ, 1.30ರಿಂದ 3.30 ಅರಮನೆ, ಕಾಫಿ ಕುಡಿದು 4ಕ್ಕೆ ಮೈಸೂರು ಬಿಡುವುದು. ಮದ್ದೂರಿನಲ್ಲಿ ನಿಂತರೂ 7ರ ಹೊತ್ತಿಗೆ ಮನೆ.

*ಅರಮನೆ ದೀಪ ನೋಡಲೇಬೇಕು ಅನ್ನುವವರಿಗೆ:* ಬೇಗ ಏಳಬೇಡಿ. ಭಾನುವಾರ ಮನೆಯಲ್ಲೇ ತಿಂಡಿ ಮುಗಿಸಿ 9.30ಕ್ಕೆ ಹೊರಡಿ. 12ರಿಂದ 2 ಅರಮನೆ, ಊಟ, ಚಾಲಕರಿಗೆ ಒಂದು ಗಂಟೆ ಕಣ್ಣು ಮುಚ್ಚಲು ಬಿಡುವು. 4ಕ್ಕೆ ಬೆಟ್ಟ, 7ಕ್ಕೆ ದೀಪ, 8ಕ್ಕೆ ಹೊರಟರೆ 10.30ರ ಸುಮಾರಿಗೆ ಮನೆ. ಬೆಳಗ್ಗೆ 5ಕ್ಕೆ ಎದ್ದವರು ರಾತ್ರಿ 8ಕ್ಕೆ ಮತ್ತೆ ಸ್ಟೀರಿಂಗ್ ಹಿಡಿಯುವ ಪ್ಲಾನ್ ಮಾತ್ರ ಬೇಡ. ಓಡಿಸಲು ಬರುವವರು ಇಬ್ಬರಿದ್ದರೆ ಒಬ್ಬರು ಹೋಗುವಾಗ, ಇನ್ನೊಬ್ಬರು ಬರುವಾಗ.

ವಾಪಸ್ ಬರುವಾಗ

ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿಗೆ ಗಾಡಿಗಳ ಸಾಲು. ಟೋಲ್‌ನಲ್ಲಿ, ಕುಂಬಳಗೋಡಿನ ಹತ್ತಿರ ನಿಂತು ನಿಂತು ಸಾಗಬೇಕಾಗಬಹುದು. ಉಪನಗರದವರು ಅಲ್ಲಿಗೆ ಮನೆ ಹತ್ತಿರ ಬಂದಾಯಿತು ಅನ್ನುವುದೊಂದು ಸಮಾಧಾನ.

ನೇರ ರಸ್ತೆ, ಒಂದೇ ವೇಗ, ಎದುರಿಗೆ ಬರುವ ಗಾಡಿಯಿಲ್ಲ. ಇಂಥ ರಸ್ತೆಯಲ್ಲಿ ನಿದ್ದೆ ಗೊತ್ತಾಗದ ಹಾಗೆ ಬರುತ್ತದೆ. ಆಕಳಿಕೆ ಮೇಲೆ ಆಕಳಿಕೆ, ದಾಟಿದ ಊರು ಯಾವುದು ಅಂತ ನೆನಪಾಗದಿರುವುದು, ಗಾಡಿ ಪಥ ಬಿಟ್ಟು ಜಾರುವುದು, ಇದರಲ್ಲಿ ಒಂದು ಕಂಡರೂ ಮುಂದಿನ ಊರಿಗೆ ಇಳಿದು ಅರ್ಧ ಗಂಟೆ ಮಲಗಿ. ಪಕ್ಕದ ಸೀಟಿನಲ್ಲಿ ಕೂತವರು ನಿದ್ದೆ ಮಾಡದೆ ಮಾತಾಡಿಸುತ್ತಿರಬೇಕು. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ.

ಜೋರು ಮಳೆ ಇದ್ದರೆ ಹೊರಡುವ ಮುಂಚೆ ರಾಮನಗರದ ಕಡೆ ಹೇಗಿದೆ ಅಂತ ಕೇಳಿಕೊಳ್ಳಿ. 2022ರ ಆಗಸ್ಟ್‌ನಲ್ಲಿ ಅಲ್ಲಿ ಹೆದ್ದಾರಿ ಮೇಲೆ ನೀರು ನಿಂತು ವಾಹನಗಳು ಮುಳುಗಿದ್ದವು. ನಿಂತ ನೀರಿಗೆ, ಅಂಡರ್‌ಪಾಸ್‌ಗೆ ಗಾಡಿ ಇಳಿಸಬೇಡಿ.

ಗಾಡಿ ಕೆಟ್ಟರೆ ಎಡಬದಿಗೆ ತಂದು, ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಹೆದ್ದಾರಿ ಸಹಾಯವಾಣಿ 1033, ಆಂಬುಲೆನ್ಸ್ 108, ಪೊಲೀಸ್ 112.

ಕಾರೇ ಬೇಕಾ?

ಓಡಿಸುವವರು ಒಬ್ಬರೇ, ರಾತ್ರಿ ಬರಲೇಬೇಕು ಅನ್ನುವಂತಿದ್ದರೆ ರೈಲು ಯೋಚಿಸಿ. ಮೈಸೂರು ಕಡೆಯ ಹಲವು ರೈಲು ಕೆಂಗೇರಿ ನಿಲ್ದಾಣದಲ್ಲಿ ನಿಲ್ಲುತ್ತವೆ, ಸಿಟಿ ಸ್ಟೇಷನ್‌ಗೆ ಹೋಗಬೇಕಿಲ್ಲ. ಬಸ್‌ಗಾದರೆ ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ದೀಪಾಂಜಲಿನಗರಕ್ಕೆ ಹೋದರೆ ಪಕ್ಕದಲ್ಲೇ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ. ಶಕ್ತಿ ಯೋಜನೆಯಡಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಂಡರಾಯಿತು.

ಹಿಂದಿನ ರಾತ್ರಿ ನೋಡಿಕೊಳ್ಳಬೇಕಾದ್ದು

- ಮೈಸೂರು ಬಿಡುವ ಸಮಯ ಮನೆಯವರೆಲ್ಲರಿಗೂ ಗೊತ್ತಿದೆಯಾ?
- ಫಾಸ್ಟ್ಯಾಗ್ ಬ್ಯಾಲೆನ್ಸ್, ಇಂಧನ, ಟೈರ್ ಗಾಳಿ, ಸ್ಟೆಪ್ನಿ
- ಡಿಎಲ್, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್
- ನೀರು, ಹಿರಿಯರ ಮಾತ್ರೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ
- ಓಡಿಸುವವರಿಗೆ ಕನಿಷ್ಠ ಏಳು ಗಂಟೆ ನಿದ್ದೆ

"ಇನ್ನೊಂದೇ ಒಂದು ಜಾಗ ನೋಡ್ಕೊಂಡು ಹೋಗೋಣ" ಅನ್ನುವ ಮಾತು ಸಂಜೆ ಬಂದೇ ಬರುತ್ತದೆ. ಆ ಜಾಗವನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಉಪನಗರದಿಂದ ಮೈಸೂರಿಗೆ ಇರೋದು ಎರಡೂಕಾಲು ಗಂಟೆ ದಾರಿ, ಮುಂದಿನ ತಿಂಗಳು ಮತ್ತೆ ಹೋಗಬಹುದು.