ಬಯಾಪ್ಸಿ ನಾರ್ಮಲ್ ಬಂದರೆ ಹೊಟ್ಟೆಯಲ್ಲಿ ಗಡ್ಡೆ ಇಲ್ಲ ಎಂದರ್ಥವೇ?

ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಹೊಟ್ಟೆ ಉರಿ ಎಂದರೆ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್’. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಬಯಾಪ್ಸಿ ನಾರ್ಮಲ್ ಬಂದ ಮಾತ್ರಕ್ಕೆ ಗಡ್ಡೆಯೇ ಇಲ್ಲ ಎನ್ನಬಹುದೇ? ಯಾವಾಗಲೂ ಅಲ್ಲ.

ಕಾರಣವೇನು?

ಜಠರದ ಗೋಡೆಗೆ ಹಲವು ಪದರಗಳಿವೆ. ಸಾಮಾನ್ಯ ಜಠರ ಕ್ಯಾನ್ಸರ್ ಹುಟ್ಟುವುದು ಒಳಪದರದಲ್ಲಿ. ಎಂಡೋಸ್ಕೋಪಿ ಮಾಡುವಾಗ ಬಯಾಪ್ಸಿಗೆ ತೆಗೆಯುವ ಚೂರು ಕೂಡ ಸಾಮಾನ್ಯವಾಗಿ ಅಲ್ಲಿಯದೇ. ‘ಜಿಸ್ಟ್’ ಎಂಬ ಅಪರೂಪದ ಗಡ್ಡೆ ಅದರ ಕೆಳಗಿನ ಸ್ನಾಯು ಪದರದಲ್ಲಿ ಬೆಳೆಯುತ್ತದೆ. ಮೇಲೆ ನುಣುಪಾದ ಉಬ್ಬು ಮಾತ್ರ ಕಾಣಬಹುದು. ರಿಪೋರ್ಟ್ ಸುಳ್ಳಲ್ಲ, ಚೂರು ತೆಗೆದ ಜಾಗ ಬೇರೆ. ಎಂಡೋಸ್ಕೋಪಿ ವರದಿಯಲ್ಲಿ ಇಂಥ ಉಬ್ಬಿನ ಉಲ್ಲೇಖವಿದ್ದರೆ ಸಿ.ಟಿ. ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕೇ ಎಂದು ವೈದ್ಯರನ್ನು ಕೇಳಿ.

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ

ಸೂಕ್ಷ್ಮದರ್ಶಕದಲ್ಲಿ ಜಿಸ್ಟ್, ಸ್ನಾಯುವಿನ ಗಡ್ಡೆ, ನರದ ಗಡ್ಡೆ ಮೂರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು. ಹಿಂದೆ ಎಷ್ಟೋ ಜಿಸ್ಟ್‌ಗಳನ್ನು ಸ್ನಾಯುವಿನ ಗಡ್ಡೆ ಎಂದೇ ಕರೆಯುತ್ತಿದ್ದರು. 1998ರಲ್ಲಿ ಜಪಾನಿನ ಸಂಶೋಧಕರು ಇದರಲ್ಲಿ ‘ಕಿಟ್’ ಜೀನಿನ ಬದಲಾವಣೆ ಪತ್ತೆ ಮಾಡಿದ ಮೇಲೆ ಚಿತ್ರಣ ಬದಲಾಯಿತು. ಈಗ ಸಿಡಿ117, ಡಾಗ್1 ಎಂಬ ವಿಶೇಷ ಪರೀಕ್ಷೆಗಳಿಂದ ಗುರುತಿಸುತ್ತಾರೆ. ಈ ಗುರುತು ಮುಖ್ಯ: ಜಿಸ್ಟ್‌ಗೆ ಮಾಮೂಲಿ ಕೀಮೋ ಅಷ್ಟಾಗಿ ನಾಟುವುದಿಲ್ಲ, ಇಮಾಟಿನಿಬ್ ಮಾತ್ರೆ ಹೆಚ್ಚಿನವರಿಗೆ ಕೆಲಸ ಮಾಡುತ್ತದೆ. ನರದ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ‘ಮಾಲ್ಟ್ ಲಿಂಫೋಮಾ’ ಎಂಬ ಇನ್ನೊಂದು ಅಪರೂಪದ ಗಡ್ಡೆಯಂತೂ ಆರಂಭದಲ್ಲಿದ್ದರೆ, ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್‌ನಿಂದಲೇ ಎಷ್ಟೋ ಸಲ ಕರಗುತ್ತದೆ.

ಗ್ಯಾಸ್ ಮಾತ್ರೆಯಿಂದ ಆರಾಮಾಯಿತಲ್ಲ?

ಆಮ್ಲ ತಗ್ಗಿಸುವ ಮಾತ್ರೆಯಿಂದ ಕ್ಯಾನ್ಸರ್ ಹುಣ್ಣಿನ ನೋವೂ ಕೆಲಕಾಲ ತಗ್ಗಬಹುದು. ಆರಾಮವಾಯಿತು ಎಂಬುದು ಪರೀಕ್ಷೆಯ ಫಲಿತಾಂಶವಲ್ಲ. ಟಾರಿನಂತೆ ಕಪ್ಪಾದ ಮಲ, ಕಾರಣವಿಲ್ಲದೆ ರಕ್ತ ಅಥವಾ ತೂಕ ಇಳಿಯುವುದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು ಇದ್ದರೆ ತಡಮಾಡಬೇಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ನೀವು ಮಾಡಬೇಕಾದದ್ದು

ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಒಂದೇ ಸಾಲದು. ಮೊದಲು ಪರೀಕ್ಷೆ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಅದೇ ಚೂರಿನ ಮೇಲೆ ಹೊಸ ಪರೀಕ್ಷೆ ಮಾಡಬಹುದು.

ನಮ್ಮ ತೀರ್ಮಾನ: ‘ಬಯಾಪ್ಸಿ ನಾರ್ಮಲ್ ಎಂದರೆ ಗಡ್ಡೆ ಇಲ್ಲ’ ಎಂಬುದು ಅರ್ಧ ಸತ್ಯ. ಇಂಥ ಗಡ್ಡೆಗಳು ಅಪರೂಪ, ಹೆದರಬೇಕಿಲ್ಲ. ಆದರೆ ತೊಂದರೆ ಮುಂದುವರಿದರೆ ಮತ್ತೆ ತೋರಿಸಿ.