ಎರಡು ಹಿಡಿ ಮಣ್ಣು

ಔಷಧಗಳ ಚರಿತ್ರೆಯಲ್ಲಿ ಸಾಮಾನ್ಯವಾಗಿ ಒಂದೊಂದು ಔಷಧಕ್ಕೆ ಒಂದೊಂದು ಅಧ್ಯಾಯ. ನಾನು ಎರಡು ಅಧ್ಯಾಯಗಳನ್ನು ಜೊತೆಗಿಟ್ಟು ಓದುತ್ತಿದ್ದೇನೆ. ಎರಡೂ ಶುರುವಾಗುವುದು ಹಿಡಿಮಣ್ಣಿನಿಂದ.

1957ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಮಣ್ಣು ಮಿಲಾನಿನ ಪ್ರಯೋಗಾಲಯವೊಂದನ್ನು ತಲುಪಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದ ಜಾಡು ಹಿಡಿದು ಪಿಯೆರೊ ಸೆನ್ಸಿ ಮತ್ತು ಸಂಗಡಿಗರು ರಿಫಾಂಪಿಸಿನ್ ರೂಪಿಸಿದರು. ಕ್ಷಯದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಲು ಅದು ನೆರವಾಯಿತು. 1969ರಲ್ಲಿ ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯ ಮಣ್ಣು ಬಾಸೆಲ್‌ನ ಸ್ಯಾಂಡೋಜ್ ಕಂಪನಿಗೆ ಹೋಯಿತು. ಅದರ ಶಿಲೀಂಧ್ರದಿಂದ ಸಿಕ್ಕ ಸೈಕ್ಲೋಸ್ಪೊರಿನ್, ದೇಹವು ಕಸಿ ಮಾಡಿದ ಅಂಗವನ್ನು ತಿರಸ್ಕರಿಸದಂತೆ ತಡೆಯಿತು.

ಈ ಎರಡು ಗೆಲುವುಗಳು ಒಂದೇ ದೇಹದಲ್ಲಿ ಎದುರಾದಾಗ? ಕಿಡ್ನಿ ಉಳಿಸಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ತಗ್ಗಿಸಿದರೆ ಒಳಗೆ ಮಲಗಿದ್ದ ಕ್ಷಯ ಏಳಬಹುದು. ಅದಕ್ಕೆ ರಿಫಾಂಪಿಸಿನ್ ಕೊಟ್ಟರೆ ಯಕೃತ್ತಿನ ಕಿಣ್ವವೊಂದು ಹೆಚ್ಚಿ, ಸೈಕ್ಲೋಸ್ಪೊರಿನನ್ನು ಬೇಗಬೇಗ ಒಡೆದುಹಾಕುತ್ತದೆ. ಕ್ಷಯ ವಾಸಿಯಾಗುತ್ತಿರುವಾಗಲೇ ಕಿಡ್ನಿ ಕೈಬಿಡಬಹುದು. 1980ರ ದಶಕದಲ್ಲೇ ವೈದ್ಯರು ಇದನ್ನು ಗುರುತಿಸಿದ್ದರು. ಈಗ ರಕ್ತದಲ್ಲಿನ ಮಟ್ಟ ಅಳೆದು ಪ್ರಮಾಣ ಏರಿಸುತ್ತಾರೆ, ಇಲ್ಲವೇ ಅದೇ ಕುಟುಂಬದ, ಕಿಣ್ವವನ್ನು ಅಷ್ಟಾಗಿ ಕೆರಳಿಸದ ರಿಫಾಬುಟಿನ್ ಕೊಡುತ್ತಾರೆ.

ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯರೋಗಿಗಳಿರುವ ನಮ್ಮ ದೇಶದಲ್ಲಿ ಈ ಎರಡು ಅಧ್ಯಾಯಗಳನ್ನು ಬೇರೆಬೇರೆಯಾಗಿ ಓದುವಂತಿಲ್ಲ. ರೋಗಿ ಬದುಕಬೇಕಾದದ್ದು ಅವೆರಡರ ನಡುವೆ.